ಆಂಕಿಯಲ್ಲಿ ಜಪಾನಿಯ ‘ಆದರೆ’ಗಳು: ಎರಡು ವರ್ಷ ಬಳಸಿದ ಮೇಲೆ

ಆಂಕಿ ಎಂದರೆ ಜಪಾನಿಯಲ್ಲಿ ಬಾಯಿಪಾಠ. ತಂತ್ರಾಂಶ ಮಾಡುವುದೂ ಅದನ್ನೇ: ಕಾರ್ಡು ತೋರಿಸುತ್ತದೆ, ನೆನಪಾಯಿತೋ ಇಲ್ಲವೋ ಕೇಳುತ್ತದೆ, ಮತ್ತೆ ಯಾವತ್ತು ತೋರಿಸಬೇಕೆಂದು ಲೆಕ್ಕ ಹಾಕುತ್ತದೆ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್‌ನಲ್ಲೂ ಪುಕ್ಕಟೆ, ಐಫೋನಿಗೆ ಒಂದೇ ಸಲ ಸುಮಾರು 25 ಡಾಲರ್. ಪದಗಳಿಗೂ ಕಾಂಜಿಗೂ (ಚೀನೀ ಮೂಲದ ಅಕ್ಷರಗಳಿಗೂ) ಇದು ಒಳ್ಳೆಯದು ಎನ್ನುವುದರಲ್ಲಿ ತಕರಾರಿಲ್ಲ. ಇಲ್ಲಿ ನೋಡುತ್ತಿರುವುದು ಜಪಾನಿ ಭಾಷಾ ಪರೀಕ್ಷೆ ಜೆಎಲ್‌ಪಿಟಿಯ ಮೊದಲ ಮೆಟ್ಟಿಲುಗಳಾದ ಎನ್5, ಎನ್4 ಮಟ್ಟದಲ್ಲಿ ‘ಆದರೆ’, ‘ಆದರೂ’ ಎನ್ನಲು ಬಳಸುವ ಐದು ಜೋಡಣೆಗಳನ್ನು ಮಾತ್ರ: ಗ, ಕೆದೊ, ದೆಮೊ, ನೊನಿ, ತೆಮೊ.

ಮೊದಲ ಮಾತು: ಬೇರೆಯವರು ಮಾಡಿಟ್ಟ ಸಿದ್ಧ ಡೆಕ್ (ಕಾರ್ಡುಗಳ ಕಟ್ಟು) ಇಳಿಸಿಕೊಳ್ಳಬೇಡಿ. ಮುಂದೆ ‘ಕೆದೊ’, ಹಿಂದೆ ‘ಆದರೆ’ ಎಂದಷ್ಟೇ ಇರುವ ಕಾರ್ಡುಗಳೇ ಹೆಚ್ಚು. ನಾಲ್ಕೈದು ಕಾರ್ಡಿಗೂ ಒಂದೇ ಉತ್ತರವಾದರೆ ದಿನವೂ ‘ಗುಡ್’ (ನೆನಪಾಯಿತು) ಒತ್ತಬಹುದು, ಬಾಯಿ ಬಿಟ್ಟಾಗ ಮಾತ್ರ ತಪ್ಪುತ್ತದೆ.

ತಪ್ಪುವುದು ಮೊದಲು ಜಾಗದಲ್ಲಿ. ಕನ್ನಡದ ‘ಆದರೆ’ ಎರಡನೇ ಮಾತಿನ ತಲೆಗೆ ಕೂರುತ್ತದೆ. ಜಪಾನಿಯ ಗ, ಕೆದೊ ಮೊದಲ ಮಾತಿನ ಬಾಲಕ್ಕೆ ಅಂಟುತ್ತವೆ: ‘ತಕೈ ದೆಸು ಗ, ಒಯಿಶೀ ದೆಸು’ (ದುಬಾರಿ, ಆದರೆ ರುಚಿಯಾಗಿದೆ). ನಿಲ್ಲಿಸಬೇಕಾದ್ದು ‘ಗ’ ಆದ ಮೇಲೆ. ಕನ್ನಡಿಗರು ‘ದೆಸು’ ಆದ ಮೇಲೆ ಉಸಿರು ತೆಗೆದುಕೊಂಡು ‘ಗ ಒಯಿಶೀ’ ಎನ್ನುತ್ತಾರೆ. ವಾಕ್ಯದ ತಲೆಗೆ ಬರಬೇಕಾದ್ದು ದೆಮೊ, ಬರವಣಿಗೆಯಲ್ಲಾದರೆ ಶಿಕಶಿ. ಇದಕ್ಕೆ ಕಾರ್ಡಿನಲ್ಲಿ ಜೋಡಣೆಯನ್ನು ಮಾತ್ರ ಮುಚ್ಚಿದರೆ ಸಾಲದು. ಅದರ ಹಿಂದಿನ ಪದವನ್ನೂ ಸೇರಿಸಿ ಮುಚ್ಚಬೇಕು. ಆಂಕಿಯ ಕ್ಲೋಜ್ ಕಾರ್ಡು, ಅಂದರೆ ವಾಕ್ಯದ ಒಂದು ಭಾಗ ಮುಚ್ಚಿ ಕೇಳುವ ಕಾರ್ಡು, ಇರುವುದೇ ಇದಕ್ಕೆ.

ಹಿಂದಿನ ಪದ ಮುಚ್ಚುವುದರಿಂದ ಇನ್ನೊಂದು ಲಾಭವಿದೆ. ಸಾದಾ ರೂಪದಲ್ಲಿ ನಾಮಪದಕ್ಕೂ ನ-ವಿಶೇಷಣಕ್ಕೂ (ನಾಮಪದದ ಮುಂದೆ ‘ನ’ ಹಚ್ಚಿಕೊಳ್ಳುವ ವಿಶೇಷಣ) ಕೆದೊ ಹತ್ತುವ ಮುನ್ನ ‘ದ’ ಬೇಕು: ‘ಶಿಜುಕ ದ ಕೆದೊ’ (ನಿಶ್ಶಬ್ದವಾಗಿದೆ, ಆದರೆ). ‘ಇ’ಯಲ್ಲಿ ಮುಗಿಯುವ ಇ-ವಿಶೇಷಣಕ್ಕೆ ಬೇಡ, ‘ತಕೈ ಕೆದೊ’ ಸರಿ, ‘ತಕೈ ದ ಕೆದೊ’ ತಪ್ಪು. ನೊನಿ ಬಂದರೆ ಅದೇ ‘ದ’ ಹೋಗಿ ‘ನ’ ಬರುತ್ತದೆ: ‘ಗಕುಸೇ ನ ನೊನಿ’ (ವಿದ್ಯಾರ್ಥಿಯಾಗಿದ್ದರೂ). ಈ ದ-ನ ಗೋಜಲು ನಿಯಮ ಓದಿ ಬಿಡಿಸಿಕೊಳ್ಳುವಂಥದ್ದಲ್ಲ, ಕೈಗೆ ರೂಢಿಯಾಗಬೇಕು. ಆಂಕಿ ನಿಜವಾಗಿ ಗೆಲ್ಲುವುದು ಇಲ್ಲಿಯೇ. ಉತ್ತರವನ್ನು ಟೈಪ್ ಮಾಡಿಸುವ ಸೌಲಭ್ಯ ಹಾಕಿಕೊಂಡರೆ ಬಿಟ್ಟುಹೋದ ಒಂದು ‘ನ’ವೂ ಬಣ್ಣದಲ್ಲಿ ಎದ್ದು ಕಾಣುತ್ತದೆ.

ಇನ್ನು ನೊನಿ ಮತ್ತು ತೆಮೊ. ನಮ್ಮ ‘-ರೂ’ ಎರಡೂ ಕೆಲಸ ಮಾಡುತ್ತದೆ: ‘ಮಳೆ ಬಂದರೂ ಹೋಗುತ್ತೇನೆ’, ‘ಅಷ್ಟು ಓದಿದರೂ ಫೇಲಾದ’. ಮೊದಲನೆಯದು ಇನ್ನೂ ನಡೆಯದ್ದು, ಅಲ್ಲಿ ತೆಮೊ: ‘ಅಮೆ ಗ ಫುತ್ತೆಮೊ, ಇಕಿಮಸು’. ಎರಡನೆಯದು ನಡೆದದ್ದು, ಜೊತೆಗೆ ‘ಹೀಗಾಗಬಾರದಿತ್ತು’ ಎಂಬ ಅಚ್ಚರಿಯೋ ಬೇಸರವೋ ಇದೆ, ಅಲ್ಲಿ ನೊನಿ. ನಡೆದ ಸಂಗತಿಗೂ ತೆಮೊ ಬರಬಹುದು, ಆದರೆ ಆ ಬೇಸರದ ಧಾಟಿ ಇರುವುದಿಲ್ಲ.

ಹೀಗಾಗಿ ಸುಮ್ಮನೆ ಖಾಲಿ ಜಾಗ ಬಿಟ್ಟರೆ ಎರಡು ಉತ್ತರವೂ ಸರಿಯಾಗುವ ಕಾರ್ಡು ತಯಾರಾಗುತ್ತದೆ. ಒಂದು ಬರೆದರೆ ಆಂಕಿ ಇನ್ನೊಂದನ್ನು ತೋರಿಸುತ್ತದೆ, ‘ಅಗೇನ್’ (ಮರೆತೆ) ಒತ್ತುತ್ತೀರಿ, ಎಂಟು ಸಲ ಹೀಗಾದರೆ ಅದಕ್ಕೆ ‘ಲೀಚ್’ (ಜಿಗಣೆ, ಪದೇ ಪದೇ ಮರೆಯುವ ಕಾರ್ಡು) ಎಂಬ ಹಣೆಪಟ್ಟಿ ಬೀಳುತ್ತದೆ. ತಪ್ಪು ನೆನಪಿನದಲ್ಲ, ಕಾರ್ಡಿನದು. ಮದ್ದು ಎರಡು. ಎರಡನೇ ಅರ್ಧದಲ್ಲಿ ವಿನಂತಿ, ಆಜ್ಞೆ ಅಥವಾ ‘ಮಾಡೋಣ’ ಎಂಬ ಇರಾದೆ ಇಡಿ. ನೊನಿ ಅದರ ಮುಂದೆ ನಿಲ್ಲುವುದಿಲ್ಲ. ‘ಮಳೆ ಬಂದರೂ ಬನ್ನಿ’ ಎನ್ನಬೇಕಾದರೆ ತೆಮೊ ಬೇಕೇ ಬೇಕು. ನೊನಿ ಕಾರ್ಡಿಗೆ ಕ್ಲೋಜ್‌ನೊಳಗಿನ ಸುಳಿವಿನ ಜಾಗದಲ್ಲಿ ‘ಬೇಸರ’ ಎಂದು ಕನ್ನಡದಲ್ಲೇ ಬರೆಯಿರಿ. ‘ಆದರೂ’ ಎಂದು ಬರೆದರೆ ಮತ್ತೆ ಅದೇ ಹಳ್ಳ.

ದೆಮೊಗೆ ಪ್ರತ್ಯೇಕ ಎಚ್ಚರ ಬೇಕು. ನಾಮಪದಕ್ಕೆ ತೆಮೊ ಹತ್ತಿದರೆ ಅದೂ ‘ದೆಮೊ’ ಆಗಿಯೇ ಕೇಳುತ್ತದೆ: ‘ಗಕುಸೇ ದೆಮೊ’ ಎಂದರೆ ವಿದ್ಯಾರ್ಥಿಯಾದರೂ. ಇ-ವಿಶೇಷಣಕ್ಕೆ ‘ತಕೈ ದೆಮೊ’ ಎಂದು ಅಂಟಿಸುವಂತಿಲ್ಲ, ಅದು ‘ತಕಕುತೆಮೊ’.

ಸೆಟ್ಟಿಂಗ್ ವಿಷಯ. ದಿನಕ್ಕೆ 20 ಹೊಸ ಕಾರ್ಡು ಎಂಬ ಮೂಲ ಲೆಕ್ಕ ಪದಗಳಿಗೆ ಸರಿ, ವ್ಯಾಕರಣಕ್ಕೆ ಜಾಸ್ತಿ, 3 ಸಾಕು. ಒಂದೇ ನೋಟಿನಿಂದ (ಬರೆದಿಟ್ಟ ಒಂದೇ ವಾಕ್ಯದಿಂದ) ಎರಡು ಕ್ಲೋಜ್ ಮಾಡಿದರೆ ಒಂದು ಕಾರ್ಡು ಇನ್ನೊಂದರ ಗುಟ್ಟು ಬಿಟ್ಟುಕೊಡುತ್ತದೆ. ಹೀಗೆ ಒಡಹುಟ್ಟಿದ ಕಾರ್ಡುಗಳನ್ನು ಮರುದಿನಕ್ಕೆ ತಳ್ಳುವ ‘ಬರಿ’ (bury, ಹೂತಿಡು) ಆಯ್ಕೆ ಹಾಕಿಡಿ. ಕಾರ್ಡು ಮತ್ತೆ ಯಾವತ್ತು ಬರಬೇಕೆಂದು ನಿರ್ಧರಿಸುವ, 2023ರಲ್ಲಿ ಆಂಕಿಗೆ ಸೇರಿದ ಎಫ್‌ಎಸ್‌ಆರ್‌ಎಸ್ ಲೆಕ್ಕಾಚಾರ ಆನ್ ಮಾಡಿ, ನೆನಪಿನ ಗುರಿ 0.90ರಲ್ಲೇ (ನೂರಕ್ಕೆ ತೊಂಬತ್ತು) ಇರಲಿ. ಮರೆತಾಗ ‘ಹಾರ್ಡ್’ ಒತ್ತುವ ಚಟ ಮಾತ್ರ ಬೇಡ. ಆಂಕಿಯ ಪ್ರಕಾರ ಹಾರ್ಡ್ ಎಂದರೆ ಕಷ್ಟಪಟ್ಟಾದರೂ ನೆನಪಾಯಿತು ಎಂದರ್ಥ. ಲೆಕ್ಕವೆಲ್ಲ ಅಡ್ಡದಾರಿ ಹಿಡಿಯುತ್ತದೆ.

ಏಳೆಂಟು ತಿಂಗಳಾದ ಮೇಲೆ ಕಾಣುವ ದೊಡ್ಡ ಕೊರತೆ ಬೇರೆಯದೇ. ವಾಕ್ಯದ ಮುಖ ಪರಿಚಯವಾಗಿಬಿಡುತ್ತದೆ. ‘ಅಮೆ’ ಕಂಡ ಕೂಡಲೇ ಕೈ ‘ತೆಮೊ’ ಬರೆಯುತ್ತದೆ, ಅರ್ಥ ಓದಿಯೇ ಇರುವುದಿಲ್ಲ. ಒಂದೊಂದು ಜೋಡಣೆಗೂ ಎಂಟು ಹತ್ತು ಬೇರೆ ಬೇರೆ ವಾಕ್ಯ ಇಡಿ, ಅದೇ ಮಳೆಯನ್ನು ನೊನಿ ಕಾರ್ಡಿನಲ್ಲೂ ತನ್ನಿ. ಹಳೆಯ ವಾಕ್ಯಗಳನ್ನು ಆಗಾಗ ಬದಲಿಸುವುದು ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಇನ್ನು ಕೆಲವು ಸಂಗತಿ ಕಾರ್ಡಿಗೆ ಒಗ್ಗುವುದೇ ಇಲ್ಲ. ‘ಸುಮಿಮಸೆನ್ ಗ’ (ಕ್ಷಮಿಸಿ...) ಎಂಬಲ್ಲಿ ವಿರೋಧವೇ ಇಲ್ಲ, ಮಾತು ಶುರುಮಾಡುವ ಮೆತ್ತನೆಯ ಪೀಠಿಕೆ ಅಷ್ಟೇ. ‘ಕೋಹೀ ವ ನೊಮಿಮಸು ಗ, ಒಚ ವ ನೊಮಿಮಸೆನ್’ ಎಂಬಲ್ಲಿ ಅರ್ಧ ಕೆಲಸ ಮಾಡುವುದು ವಿಷಯವನ್ನು ಎತ್ತಿ ತೋರಿಸುವ ‘ವ’ ಪ್ರತ್ಯಯ. ‘ಕಾಫಿ ಕುಡೀತೀನಿ, ಟೀ ಮಾತ್ರ ಇಲ್ಲ’ ಎಂಬ ನಮ್ಮ ‘ಮಾತ್ರ’ದ ಹಾಗೆ. ಕರೆದಲ್ಲಿಗೆ ಹೋಗಲಾಗದಾಗ ‘ಇಕಿತೈ ನ್ ದೆಸು ಕೆದೊ...’ ಎಂದು ನಿಲ್ಲಿಸಿಬಿಡುತ್ತಾರೆ, ಮುಂದಿನದನ್ನು ಕೇಳುವವರೇ ತುಂಬಿಕೊಳ್ಳುತ್ತಾರೆ. ‘ಬರಬೇಕು ಅಂತಾನೇ ಇದೆ, ಆದ್ರೆ...’ ಎಂದು ರಾಗ ಎಳೆದು ಗೊತ್ತಿರುವ ಕನ್ನಡಿಗರಿಗೆ ಇದಕ್ಕೆ ಕಾರ್ಡು ಬೇಕಾಗಿಲ್ಲ.