ಶೇಲ್ ಎಣ್ಣೆ: ಮಲಗಿದ ರಿಟಾರ್ಟೋ, ನಿಂತ ರಿಟಾರ್ಟೋ?

ಕಾಲೇಜಿನ ವಸ್ತುಪ್ರದರ್ಶನಕ್ಕೆ ಸ್ಕಾಟ್ಲೆಂಡಿನ ಹಳೇ ಶೇಲ್ ಎಣ್ಣೆ ಕಾರ್ಖಾನೆಯ ಮಾದರಿ ಮಾಡ್ತೀರಾ? ಮೊದಲು ಯಾವ ರಿಟಾರ್ಟ್ (ಶೇಲ್ ಅನ್ನೋ ಪದರಗಲ್ಲನ್ನು ಕಾಯಿಸಿ ಎಣ್ಣೆ ತೆಗೆಯೋ ಮುಚ್ಚಿದ ಪಾತ್ರೆ) ಅಂತ ತೀರ್ಮಾನಿಸಿ.

ಅಡ್ಡ ಮಲಗಿಸಿದ ಕಬ್ಬಿಣದ ರಿಟಾರ್ಟ್ ಮಾಡೋದು ಸುಲಭ. ಶೇಲ್ ಚೂರು ತುಂಬಿ, ಬಾಯಿ ಮುಚ್ಚಿ, ಹೊರಗಿನಿಂದ ಕಾಯಿಸುತ್ತಿದ್ದರು. ಆವಿ ತಣಿದರೆ ಎಣ್ಣೆ. ಆಮೇಲೆ ಸುಟ್ಟ ಕಲ್ಲನ್ನು ಕೆರೆದು ತೆಗೆದು ಮತ್ತೆ ತುಂಬಬೇಕು. ಮೈಮುರಿಯೋ ಕೆಲಸ ಅಲ್ವಾ?

1894ರ ಪಂಫರ್ಸ್ಟನ್ ರಿಟಾರ್ಟ್ ನೆಟ್ಟಗೆ ನಿಂತದ್ದು. ಮೇಲೆ ಕಬ್ಬಿಣ, ಕೆಳಗೆ ಬೆಂಕಿ ತಾಳುವ ಇಟ್ಟಿಗೆ. ಹಿಟ್ಟಿನ ಗಿರಣಿಗೆ ರಾಗಿ ಸುರಿದ ಹಾಗೆ ಮೇಲಿಂದ ಶೇಲ್ ಸುರಿದರೆ ತಾನಾಗಿ ಕೆಳಗಿಳಿಯುತ್ತದೆ, ಕೆಲಸ ನಿಲ್ಲುವುದಿಲ್ಲ. ಕೆಳಗಿನಿಂದ ಹಬೆ ಬಿಡುತ್ತಿದ್ದರು. ಹಾಗಾಗಿ ಅಮೋನಿಯಾ ಜಾಸ್ತಿ ಸಿಗುತ್ತಿತ್ತು. ಅದಕ್ಕೆ ಗಂಧಕಾಮ್ಲ ಸೇರಿಸಿದರೆ ಅಮೋನಿಯಂ ಸಲ್ಫೇಟ್ ಗೊಬ್ಬರ. ಹೊರಗಿನ ಅಗ್ಗದ ಎಣ್ಣೆ ಬಂದಾಗ ಕಂಪನಿಗಳ ಕೈ ಹಿಡಿದದ್ದರಲ್ಲಿ ಈ ಗೊಬ್ಬರವೂ ಒಂದು.

ಶುದ್ಧೀಕರಣ ಹೆಚ್ಚುಕಡಿಮೆ ಎರಡಕ್ಕೂ ಒಂದೇ: ಬಟ್ಟಿ ಇಳಿಸಿ, ಗಂಧಕಾಮ್ಲ, ಆಮೇಲೆ ಕಾಸ್ಟಿಕ್ ಸೋಡಾದಲ್ಲಿ ತೊಳೆಯೋದು. ಭಾರದ ಎಣ್ಣೆಯನ್ನು ತಣ್ಣಗೆ ಮಾಡಿ ಹಿಂಡಿದರೆ ಮೇಣದಬತ್ತಿಯ ಮೇಣ.

ಎರಡೇ ದಿನ ಇದ್ದರೆ ಮಲಗಿದ್ದನ್ನೇ ಮಾಡಿ. ವಾರ ಸಿಕ್ಕರೆ ನಿಂತದ್ದು. ಒಂದು ಪಕ್ಕಕ್ಕೆ ಗಾಜು ಹಾಕಿ, ಕಲ್ಲು ಇಳಿಯೋದು ಕಾಣಲಿ. ಬೆಂಕಿ ಮಾತ್ರ ಬೇಡ, ಕೆಂಪು ಬಲ್ಬ್ ಸಾಕು.