ಎರಡು ಮಳೆಗಾಲ, ನಾಲ್ಕು ಹೆಡ್‌ಫೋನ್

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ಮಧ್ಯೆ. ಜೂನ್ ಬಂತೆಂದರೆ ಗೋಡೆ ಬೆವರುತ್ತದೆ, ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ, ಗಾಳಿಮಳೆಗೆ ಕರೆಂಟು ಹೋದರೆ ಬರುವುದು ಯಾವಾಗಲೋ. ಹೆಡ್‌ಫೋನ್ ಡಬ್ಬಿ ಬಿಚ್ಚಿದ ವಾರದಲ್ಲೇ ವಿಡಿಯೋ ಮಾಡುವವರಿಗೆ ಇದೆಲ್ಲ ಗೊತ್ತಾಗುವುದಿಲ್ಲ. ಅದಕ್ಕೇ ನಾನೂ ತಮ್ಮನೂ ಎರಡು ಮಳೆಗಾಲ ಬಳಸಿದ ನಾಲ್ಕು ಬಗೆಯ ಹೆಡ್‌ಫೋನ್‌ಗಳ ಕಥೆ ಬರೆಯುತ್ತಿದ್ದೇನೆ. ಮಾಡೆಲ್‌ಗಳು ವರ್ಷ ವರ್ಷ ಬದಲಾಗುತ್ತವೆ. ಹಾಗಾಗಿ ಕಂಪನಿಗಳ ಹೆಸರು ಬಿಟ್ಟು ಬಗೆಯನ್ನೇ ಹೇಳುತ್ತೇನೆ.

900 ರೂಪಾಯಿಯ ವಯರಿನ ದೊಡ್ಡ ಹೆಡ್‌ಫೋನ್. 1,200ರ ವಯರಿನ ಇಯರ್‌ಫೋನ್, ಅದರ ವಯರನ್ನು ಕಿವಿಯ ಭಾಗದಿಂದ ಕಳಚಬಹುದು. 1,600ರ ಬ್ಲೂಟೂತ್ ಹೆಡ್‌ಫೋನ್. ಕೊನೆಗೆ 3,400 ಕೊಟ್ಟು ತಂದ, ಯುಎಸ್‌ಬಿ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ತುಂಡು) ಇರುವ ವಯರ್‌ಲೆಸ್ ಗೇಮಿಂಗ್ ಹೆಡ್‌ಸೆಟ್.

ನನಗೆ ಬೇಕಾದದ್ದು ಯಕ್ಷಗಾನ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ದೂರವಿಲ್ಲ, ಚೆಂಡೆಯ ಪೆಟ್ಟು ಕೇಳುತ್ತಲೇ ಬೆಳೆದ ಕಿವಿ ಇದು. ಚೆಂಡೆ, ಮದ್ದಳೆ, ಚಕ್ರತಾಳ ಮೂರೂ ಒಟ್ಟಿಗೆ ಏರಿದಾಗಲೂ ಭಾಗವತರ ಪದ ಅಕ್ಷರ ಅಕ್ಷರವಾಗಿ ಕೇಳಬೇಕು. ಈ ಪರೀಕ್ಷೆಯಲ್ಲಿ ಬ್ಲೂಟೂತ್ ಮೊದಲು ಸೋತಿತು. ಅದರಲ್ಲಿ ಬಾಸ್ (ತಗ್ಗು ಸ್ವರದ ಸದ್ದು) ಎಷ್ಟು ಜಾಸ್ತಿ ಅಂದರೆ ಮದ್ದಳೆ ಗುಂಯ್ ಎಂದು ಹರಡಿ ಪದವನ್ನೇ ನುಂಗಿಬಿಡುತ್ತಿತ್ತು. ಗೇಮಿಂಗ್ ಹೆಡ್‌ಸೆಟ್ಟಿನದ್ದೂ ಹೆಚ್ಚುಕಡಿಮೆ ಅದೇ ಕಥೆ. ವಯರಿನ ಇಯರ್‌ಫೋನಿನಲ್ಲಿ ಮಾತ್ರ ಚೆಂಡೆಯ ಕೋಲು ಚರ್ಮಕ್ಕೆ ತಾಗುವ ಆ ಒಣ ಸದ್ದು ಸರಿಯಾಗಿ ಬಂತು. ಮೊದಲ ಸಲ ಕೇಳಿದಾಗ ನಾನು ಅದೇ ಪದವನ್ನು ಮೂರು ಸಲ ಹಿಂದಕ್ಕೆ ಹಾಕಿ ಕೇಳಿದೆ.

ತಮ್ಮನ ಲೋಕ ಬೇರೆ. ಅವನು ಫೋನಿನಲ್ಲಿ ಬಿಜಿಎಂಐ ಆಡುತ್ತಾನೆ, ಕಂಪ್ಯೂಟರಿನಲ್ಲಿ ಕೌಂಟರ್ ಸ್ಟ್ರೈಕ್, ಎರಡೂ ಗುಂಡು ಹಾರಿಸುವ ಗೇಮ್. ಹೆಜ್ಜೆ ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಗೊತ್ತಾಗುವುದೇ ಅಲ್ಲಿ ಜೀವ. ಬ್ಲೂಟೂತಿನಲ್ಲಿ ಅವನಿಗೆ ಸದ್ದು ತಡವಾಗಿ ಬರುತ್ತಿತ್ತು. ಟ್ರಿಗರ್ ಒತ್ತಿ ಬೆರಳು ಎತ್ತಿದ ಮೇಲೆ ಗುಂಡಿನ ಸದ್ದು. ಮಾಮೂಲಿ ಬ್ಲೂಟೂತಿನಲ್ಲಿ ಸುಮಾರು 200 ಮಿಲಿಸೆಕೆಂಡ್ ತಡ ಆಗುವುದು ಸಾಮಾನ್ಯ. ನನಗೆ ಮೊದಲು ಇದು ನಂಬಿಕೆ ಬರಲಿಲ್ಲ. ಯಕ್ಷಗಾನದ ವಿಡಿಯೋದಲ್ಲಿ ಕೋಲು ಬೀಳುವುದೂ ಸದ್ದು ಕೇಳುವುದೂ ಸರಿಯಾಗಿಯೇ ಇತ್ತಲ್ಲ! ಆಮೇಲೆ ಗೊತ್ತಾಯಿತು, ವಿಡಿಯೋ ಓಡಿಸುವ ಆ್ಯಪ್ ಚಿತ್ರವನ್ನೂ ಅಷ್ಟೇ ತಡ ಮಾಡಿ ಹೊಂದಿಸುತ್ತದೆ. ಗೇಮಿನಲ್ಲಿ ಆ ಉಪಾಯ ನಡೆಯುವುದಿಲ್ಲ. ನಾವು ಒತ್ತಿದ ಕೂಡಲೇ ಚಿತ್ರ ಬದಲಾಗಲೇಬೇಕು, ಅಲ್ವಾ?

ಇನ್ನೊಂದು ತೊಂದರೆ ಮೈಕಿನದ್ದು. ಗೆಳೆಯರ ಜೊತೆ ಮಾತಾಡಲು ಮೈಕ್ ಆನ್ ಮಾಡಿದ ತಕ್ಷಣ ಬ್ಲೂಟೂತ್ ಹೆಡ್‌ಫೋನ್ ಫೋನ್ ಕರೆಯ ಮೋಡ್‌ಗೆ ಹೋಗುತ್ತದೆ. ಗೇಮಿನ ಸದ್ದೆಲ್ಲ ಹಳೆಯ ಲ್ಯಾಂಡ್‌ಲೈನಿನಲ್ಲಿ ಕೇಳಿದ ಹಾಗೆ. ಎಡ ಬಲವೂ ಒಂದೇ. ಇಷ್ಟಾದ ಮೇಲೆ ಅವನು ಅದನ್ನು ಗೇಮಿಗೆ ಮುಟ್ಟಲಿಲ್ಲ.

ಡಾಂಗಲ್ ಇರುವ ಹೆಡ್‌ಸೆಟ್ಟಿನಲ್ಲಿ ಈ ಎರಡೂ ತೊಂದರೆ ಇಲ್ಲ. ಅದು ಬ್ಲೂಟೂತ್ ಬಿಟ್ಟು ತನ್ನದೇ 2.4 ಗಿಗಾಹರ್ಟ್ಸ್ ರೇಡಿಯೋ ಸಂಪರ್ಕ ಬಳಸುತ್ತದೆ, ತಡ ಗೊತ್ತೇ ಆಗುವುದಿಲ್ಲ, ಮೈಕೂ ಚೆನ್ನಾಗಿದೆ. ಆದರೆ ಏಪ್ರಿಲ್ ಸೆಕೆಯಲ್ಲಿ ಒಂದು ಗಂಟೆ ಹಾಕಿದರೆ ಕಿವಿ ಬೇಯುತ್ತದೆ. ಬೆರಳಿನ ತುದಿಯಷ್ಟಿರುವ ಆ ಡಾಂಗಲ್ ಕಳೆದುಹೋದರೆ ಹೆಡ್‌ಸೆಟ್ ಇದ್ದೂ ಇಲ್ಲದ ಹಾಗೆ. ಕಂಪ್ಯೂಟರಿನಲ್ಲಿ ಮಾತ್ರ ಆಡುವವರಿಗೆ ಸರಿ, ನಮ್ಮಂಥವರಿಗೆ ಈ ಬೆಲೆ ಜಾಸ್ತಿಯೇ.

ಈಗ ಬಾಳಿಕೆಯ ಮಾತು. ನನಗೆ ಇದೇ ಮುಖ್ಯ.

900 ರೂಪಾಯಿಯದ್ದರ ರೆಕ್ಸಿನ್ ಕುಶನ್ ಮೊದಲ ಮಳೆಗಾಲ ಮುಗಿಯುವ ಮೊದಲೇ ಸುಲಿಯತೊಡಗಿತು. ಒಂದು ದಿನ ಊಟಕ್ಕೆ ಕೂತಾಗ ಅಮ್ಮ ನನ್ನ ಕಿವಿಯ ಹಿಂದೆ ಬೆರಳಾಡಿಸಿ, "ಇದೆಂತದು ಕಪ್ಪು ಕಪ್ಪು?" ಎಂದು ಕೇಳಿದರು. ಕುಶನ್ನಿನ ಚೂರು. ಬೆವರು ಮತ್ತು ತೇವಕ್ಕೆ ಮೇಲಿನ ಪ್ಲಾಸ್ಟಿಕ್ ಪದರ ಹೀಗೆ ಕಳಚಿ ಬರುತ್ತದೆ. 250 ರೂಪಾಯಿಗೆ ಬಟ್ಟೆಯ ಕುಶನ್ ತರಿಸಿ ಹಾಕಿದೆ, ಎರಡನೇ ಮಳೆಗಾಲವನ್ನೂ ಅದು ದಾಟಿದೆ. ನಂತರ ಫೋನಿಗೆ ಚುಚ್ಚುವ ಜ್ಯಾಕಿನ ಬುಡದಲ್ಲಿ ವಯರ್ ತುಂಡಾಗಿ ಒಂದು ಕಿವಿ ನಿಂತಿತು. ಪೇಟೆಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಹೊಸ ಜ್ಯಾಕ್ ಹಾಕಿಸಲು 80 ರೂಪಾಯಿ. ಒಳಗಿನ ಎಳೆಗಳು ಕೂದಲಿನಷ್ಟು ತೆಳು, ಮೇಲೆ ಬಣ್ಣದ ವಾರ್ನಿಷ್. ಆ ವಾರ್ನಿಷ್ ಸುಟ್ಟು ತೆಗೆಯದೆ ಬೆಸುಗೆ ಹಿಡಿಯುವುದೇ ಇಲ್ಲ. ಅಂಗಡಿಯ ಅಣ್ಣ ಒಂದೊಂದೇ ಎಳೆಯನ್ನು ಬಿಸಿ ಸೀಸದ ಹನಿಯಲ್ಲಿ ಅದ್ದಿ ತೆಗೆಯುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಎಷ್ಟು ತಾಳ್ಮೆಯ ಕೆಲಸ!

ಇಯರ್‌ಫೋನಿನ ವಯರೂ ಒಮ್ಮೆ ಹೋಯಿತು. ಎರಡು ಪಿನ್ ಎಳೆದು ತೆಗೆದು 200 ರೂಪಾಯಿಯ ಹೊಸ ವಯರ್ ಚುಚ್ಚಿದೆ, ಮುಗಿಯಿತು. ಮಳೆಗಾಲದಲ್ಲಿ ಅದರ ಬಾಯಿಯ ಸಣ್ಣ ಜಾಲರಿಗೆ ತೇವ ಕೂತು ಒಂದು ಕಡೆ ಸದ್ದು ಇಳಿಯುತ್ತದೆ. ಕೆಟ್ಟಿತೆಂದು ಬಿಸಾಡಬೇಡಿ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ ನನ್ನದು ಪ್ರತಿ ಸಲವೂ ಸರಿಯಾಗಿದೆ. ಶೂ, ಬ್ಯಾಗು ಕೊಂಡಾಗ ಸಿಗುವ ಪೊಟ್ಟಣವೇ ಸಾಕು.

ಬ್ಲೂಟೂತಿನ ಆಯಸ್ಸು ಅದರ ಬ್ಯಾಟರಿಯ ಆಯಸ್ಸು. ಹೊಸತರಲ್ಲಿ 14 ಗಂಟೆ ಬರುತ್ತಿದ್ದದ್ದು ಈಗ 8ಕ್ಕೆ ಇಳಿದಿದೆ. ಎರಡು ದಿನ ಕರೆಂಟಿಲ್ಲದ ಜುಲೈಯಲ್ಲಿ ಅದು ಸುಮ್ನೆ ಮೊಳೆಗೆ ನೇತಾಡುತ್ತಿತ್ತು. ಹಾಗಂತ ಅದನ್ನು ಮಾರುವುದಿಲ್ಲ. ಅಡಿಕೆ ಸುಲಿಯಲು ಕೂತಾಗ ಅದೇ ಬೇಕು. ಕತ್ತಿಯ ಮುಂದೆ ಕೈ ಆಡುತ್ತಿರುವಾಗ ಎದೆಯ ಮೇಲೆ ವಯರ್ ನೇತಾಡುವುದು ಅಪಾಯ.

ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುವವರಿಗೂ ಒಂದು ಮಾತು. ಕಿವಿಗೆ ಸರಿಯಾಗಿ ಕೂತ ಇಯರ್‌ಫೋನ್ ಹೊರಗಿನ ಸದ್ದನ್ನು ತಡೆಯುತ್ತದೆ, ವಾಲ್ಯೂಮ್ ಅರ್ಧದಲ್ಲೇ ಸಾಕಾಗುತ್ತದೆ. ದೊಡ್ಡ ಹೆಡ್‌ಫೋನಿನಲ್ಲಿ ನಾನು ಮುಕ್ಕಾಲಿಗೆ ಏರಿಸುತ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಸದ್ದು ಏರಿದಂತೆ ಗಂಟೆಗಳು ಬೇಗ ಬೇಗ ಕಡಿಮೆಯಾಗುತ್ತವೆ. ಜೊತೆಗೆ ಬರುವ ಮೂರು ಅಳತೆಯ ರಬ್ಬರ್ ತುದಿಗಳನ್ನೂ ಹಾಕಿ ನೋಡಿ. ನನ್ನ ಎಡಕಿವಿಗೆ ಮಧ್ಯದ್ದು, ಬಲಕಿವಿಗೆ ದೊಡ್ಡದು.

ಒಂದೇ ಕೊಳ್ಳುವುದಾದರೆ ವಯರ್ ಕಳಚುವ ಇಯರ್‌ಫೋನ್ ಕೊಳ್ಳಿ. ಫೋನಿನಲ್ಲಿ ಜ್ಯಾಕ್ ಚುಚ್ಚುವ ಗುಂಡು ತೂತು ಇಲ್ಲದಿದ್ದರೆ ಟೈಪ್-ಸಿ ವಯರನ್ನೇ ಕೇಳಿ. ಕಂಪ್ಯೂಟರಿನಲ್ಲಿ ಮೈಕಿಗೂ ಸದ್ದಿಗೂ ಬೇರೆ ಬೇರೆ ತೂತು ಇದ್ದರೆ ಒಂದು ಜ್ಯಾಕನ್ನು ಎರಡಾಗಿ ಮಾಡುವ 100 ರೂಪಾಯಿಯ ಸ್ಪ್ಲಿಟರ್ ಬೇಕಾಗುತ್ತದೆ. ಮೊನ್ನೆ ತಮ್ಮ ಮಂಗಳೂರಿನ ಹಾಸ್ಟೆಲಿಗೆ ಹೊರಟಾಗ ನಾಲ್ಕರಲ್ಲಿ ಬೇಕಾದದ್ದು ತೆಗೆದುಕೋ ಎಂದೆ. ಅವನು ಇಯರ್‌ಫೋನನ್ನೇ ಜೇಬಿಗೆ ಹಾಕಿಕೊಂಡ. ನಾನು ಅದೇ ದಿನ ಸಂಜೆ ಅಂಥದ್ದೇ ಇನ್ನೊಂದು ಆರ್ಡರ್ ಮಾಡಿದೆ.