ಮೂರು ಬೀರು, ಒಂದೇ ಮನೆ: ಪಾರ್ಟಿಕಲ್ ಬೋರ್ಡ್, ಪ್ಲೈವುಡ್, ತೇಗ

ಹೊಸ ಮನೆಯವರು ಕರೆದಾಗಲೆಲ್ಲ ಮೊದಲ ಪ್ರಶ್ನೆ ಇದೇ. "ಮೇಡಂ, ರೆಡಿಮೇಡ್ ತಗೊಳ್ಳೋದಾ, ಪ್ಲೈವುಡ್‌ನಲ್ಲಿ ಮಾಡಿಸೋದಾ, ಇಲ್ಲ ಟೀಕಲ್ಲೇ ಮಾಡಿಸಿಬಿಡೋಣ್ವಾ?" ನಾನು ಬೆಂಗಳೂರಿನಲ್ಲಿ ಇಂಟೀರಿಯರ್ ಡಿಸೈನರ್. ಇದಕ್ಕೆ ಉತ್ತರ ನಮ್ಮ ಮನೆಯ ಮೂರು ಕೋಣೆಗಳಲ್ಲಿ ನಿಂತಿದೆ. ಬಟ್ಟೆಯ ಬೀರು ಮೂರು, ಹೆಚ್ಚುಕಮ್ಮಿ ಒಂದೇ ಅಳತೆ: 4 ಅಡಿ ಅಗಲ, 7 ಅಡಿ ಎತ್ತರ. ಪ್ರಯೋಗ ಮಾಡೋಣ ಅಂತ ಮಾಡಿಸಿದ್ದಲ್ಲ. ಕೈಯಲ್ಲಿ ದುಡ್ಡು ಇದ್ದ ಹಾಗೆ ಒಂದೊಂದೇ ಬಂದವು.

ಮೊದಲು ಬಂದದ್ದು 2018ರಲ್ಲಿ, ಪಾರ್ಟಿಕಲ್ ಬೋರ್ಡಿನ ರೆಡಿಮೇಡ್ ಬೀರು. 19 ಸಾವಿರ ರೂಪಾಯಿ. ಇಬ್ಬರು ಹುಡುಗರು ಬಂದು ಎರಡು ಗಂಟೆಯಲ್ಲಿ ಜೋಡಿಸಿ ಹೋದರು. ನೋಡೋಕೆ ಏನೂ ಕಮ್ಮಿ ಇರಲಿಲ್ಲ. ಬಿಳಿ ಬಾಗಿಲು, ಒಂದರಲ್ಲಿ ಕನ್ನಡಿ, ಅಂಚು ನೀಟು. ಸತ್ಯ ಹೇಳಬೇಕೆಂದರೆ ಆ ಅಂಚನ್ನು ನಮ್ಮ ಬಡಗಿಗಳು ಕೈಯಲ್ಲಿ ಅಷ್ಟು ಚೆನ್ನಾಗಿ ಅಂಟಿಸೋದು ಕಷ್ಟ.

ತೊಂದರೆ ಮೊದಲ ವಾರವೇ ಶುರು. ಬೀರುವಿನ ಆಳ 20 ಇಂಚು. ಹ್ಯಾಂಗರ್ ಅಗಲವೇ ಹದಿನೇಳು, ಹದಿನೆಂಟು ಇಂಚು ಇರುತ್ತದೆ. ಅದರ ಮೇಲೆ ಶರ್ಟು ಹಾಕಿದರೆ ತೋಳು ಬಾಗಿಲಿಗೆ ಸಿಕ್ಕುತ್ತದೆ. ಒಳಗೆ 22 ಇಂಚಾದರೂ ಬೇಕು. ಇದು ಮರದ ತಪ್ಪಲ್ಲ, ಅಳತೆಯ ತಪ್ಪು. ಅಂಗಡಿಯಲ್ಲಿ ಬಾಗಿಲು ತೆಗೆದು ಒಂದು ಹ್ಯಾಂಗರ್ ಹಾಕಿ ನೋಡಿದ್ದರೆ ಸಾಕಿತ್ತು. ದಿನಾ ಇದೇ ಕೆಲಸ ಮಾಡುವ ನಾನೇ ನೋಡಲಿಲ್ಲ!

ಎರಡನೇ ವರ್ಷ ಸೀರೆಗಳ ಹಲಗೆ ಬಾಗಿತು. ಎರಡು ತುದಿಗೆ ದಾರ ಎಳೆದು ಅಳೆದೆ, ನಡುವೆ 9 ಮಿಲಿಮೀಟರ್ ಇಳಿದಿತ್ತು. ಹಲಗೆಯ ಉದ್ದ 34 ಇಂಚು, ಕೆಳಗೆ ಆಸರೆ ಇಲ್ಲ, ಮೇಲೆ ರೇಷ್ಮೆ ಸೀರೆಗಳ ಭಾರ. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರುಗಳಿಗೆ ಅಂಟು ಬೆರೆಸಿ ಬಿಸಿಯಲ್ಲಿ ಒತ್ತಿದ ಹಲಗೆ. ಉದ್ದಕ್ಕೂ ಓಡುವ ನಾರು ಅದರಲ್ಲಿ ಇಲ್ಲ, ಹಾಗಾಗಿ ಭಾರಕ್ಕೆ ಬಾಗುತ್ತದೆ. ಸ್ಕ್ರೂಗೂ ಹಿಡಿತ ಕಮ್ಮಿ. ಕನ್ನಡಿ ಬಾಗಿಲಿನ ಹಿಂಜ್ ಎರಡು ಸಲ ಕಿತ್ತು ಬಂತು. ತೂತಿಗೆ ಬೆಂಕಿಕಡ್ಡಿ ತುರುಕಿ, ಫೆವಿಕಾಲ್ ಹಾಕಿ, ಒಣಗಿದ ಮೇಲೆ ಮತ್ತೆ ಸ್ಕ್ರೂ ಬಿಗಿದೆ. ಸ್ವಲ್ಪ ದಿನ ನಡೆಯಿತು.

ಆದರೆ ಅದನ್ನು ಕೊಂದದ್ದು ನೀರು. ನಾವು ನೆಲ ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ಹಬ್ಬ ಬಂದರೆ ಬಕೆಟ್ಟಿನಲ್ಲಿ ನೀರು ಸುರಿದು ತೊಳೆಯುವವರೂ ಇದ್ದಾರೆ, ನಮ್ಮಮ್ಮನೇ ಇದ್ದಾರೆ. ಬೀರುವಿನ ಬುಡ ನೆಲಕ್ಕೆ ಕೂತಿತ್ತು. ಮೇಲೆ ಲ್ಯಾಮಿನೇಟ್ ಇದ್ದರೂ ಅಡಿಯ ಅಂಚು ಬರಿಯ ಬೋರ್ಡು. ಅಲ್ಲಿಂದ ನೀರು ಹತ್ತಿ, ಬುಡದ ಎರಡು ಇಂಚು ನೆನೆದ ರಸ್ಕಿನ ಹಾಗೆ ಉಬ್ಬಿತು. ಒಣಗಿದರೂ ಉಬ್ಬು ಇಳಿಯಲಿಲ್ಲ. ಒಮ್ಮೆ ಉಬ್ಬಿದ ಪಾರ್ಟಿಕಲ್ ಬೋರ್ಡ್ ಮತ್ತೆ ಮೊದಲಿನಂತಾಗುವುದಿಲ್ಲ.

2019ರಲ್ಲಿ ಎರಡನೆಯದು, ಪ್ಲೈವುಡ್‌ನದು. 28 ಚದರ ಅಡಿ, ಅಡಿಗೆ 1,350ರಂತೆ 37,800 ರೂಪಾಯಿ ಆಯಿತು. ಪ್ಲೈವುಡ್‌ನಲ್ಲಿ ಮರದ ತೆಳು ಹಾಳೆಗಳನ್ನು ಒಂದರ ನಾರು ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ ಇಟ್ಟು ಅಂಟಿಸಿರುತ್ತಾರೆ. ಒಂದು ಹಿಗ್ಗಲು ಹೊರಟರೆ ಇನ್ನೊಂದು ಬಿಡುವುದಿಲ್ಲ. ಗುಟ್ಟೆಲ್ಲ ಅಂಟಿನಲ್ಲಿದೆ. ಹಾಳೆಯ ಮೇಲೆ ಐಎಸ್ 710 (ಐಎಸ್ ಅಂದರೆ ಭಾರತೀಯ ಮಾನಕ) ಅಂತ ಮುದ್ರೆ ಇದ್ದರೆ ಅದು ನೀರು ತಾಳುವ ಮರೀನ್ ಪ್ಲೈ, 72 ಗಂಟೆ ನೀರಲ್ಲಿ ಕುದಿಸಿದರೂ ಅಂಟು ಬಿಡಬಾರದು. ಐಎಸ್ 303ರಲ್ಲಿ ಬಿಡಬ್ಲ್ಯೂಆರ್, ಅಂದರೆ ಕುದಿಯುವ ನೀರು ತಾಳುವ, ದರ್ಜೆಗೆ 8 ಗಂಟೆ.

ಅಂಗಡಿಯವರು 710 ಅಂತಲೇ ಕೊಟ್ಟರು. ನನಗೆ ಯಾಕೋ ಅನುಮಾನ. ನಾಲ್ಕು ಇಂಚಿನ ತುಂಡು ಕತ್ತರಿಸಿ ಹಳೇ ಪಾತ್ರೆಯಲ್ಲಿ ಕುದಿಯೋಕೆ ಇಟ್ಟೆ. ಅಮ್ಮ ಅಡುಗೆಮನೆಗೆ ಬಂದು ಮುಚ್ಚಳ ತೆಗೆದು ನೋಡಿದರು. "ಏನೇ ಇದು, ಇವತ್ತು ಸಾರಿಗೆ ಬೇಳೆ ಬದಲು ಹಲಗೇನಾ?" ಸಂಜೆಯೊಳಗೆ ಆ ತುಂಡು ಹಳೇ ಪುಸ್ತಕದ ಹಾಗೆ ಪುಟಪುಟ ಬಿಚ್ಚಿಕೊಂಡಿತು. ಮಾಲು ವಾಪಸ್ ಕಳಿಸಿದೆ, ಜಗಳವಾಡಿಯೇ. ಬೇರೆ ಅಂಗಡಿಯ ತುಂಡು 8 ಗಂಟೆ ಕುದ್ದರೂ ಅಲುಗಲಿಲ್ಲ. 72 ಗಂಟೆ ಕುದಿಸುವಷ್ಟು ಗ್ಯಾಸು ನಮ್ಮ ಮನೆಯಲ್ಲಿ ಇಲ್ಲ.

ಈ ಬೀರುವನ್ನು ಎರಡೆರಡು ಅಡಿಯ ಎರಡು ಪೆಟ್ಟಿಗೆಯಾಗಿ ಮಾಡಿಸಿ ನಡುವೆ ಬೋಲ್ಟ್ ಹಾಕಿಸಿದೆ. ಹಲಗೆಗಳ ಉದ್ದ ಎರಡು ಅಡಿಗಿಂತ ಕಮ್ಮಿ, ಇವತ್ತಿಗೂ ಒಂದೂ ಬಾಗಿಲ್ಲ. ಕೆಳಗೆ ನಾಲ್ಕು ಇಂಚು ಎತ್ತರದ ಕಾಲು. ಅಡಿಯ ಅಂಚುಗಳಿಗೆಲ್ಲ ಎರಡು ಸಲ ಪ್ರೈಮರ್ ಹೊಡೆಸಿದೆ. ಯಾರ ಕಣ್ಣಿಗೂ ಬೀಳದ ಜಾಗ ಅಂತ ಬಡಗಿ ಗೊಣಗಿದ.

ಇದರಲ್ಲಿ ಬೇಸರ ಒಂದೇ, ಅಂದ. ಎಷ್ಟೇ ಒಳ್ಳೆಯ ಲ್ಯಾಮಿನೇಟ್ ಹಾಕಿದರೂ ಅದು ಮರದ ಫೋಟೋ. ಮೂಲೆ ಕಿತ್ತರೆ ಒಳಗಿನ ಕಂದು ಗೆರೆ ಕಾಣುತ್ತದೆ. ಹಳೆಯದಾದಷ್ಟೂ ಚೆಂದ ಆಗುವ ಸಾಮಾನು ಇದಲ್ಲ.

ಆ ಚೆಂದಕ್ಕೆ ತೇಗವೇ ಬೇಕು. 2020ರ ಶುರುವಿನಲ್ಲಿ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಅಲೆದು, ಹಳೇ ಮನೆ ಕೆಡವಿದಾಗ ಬಂದ ಬಾಗಿಲು ಚೌಕಟ್ಟುಗಳನ್ನು ಕೊಂಡೆ. 9 ಸಿಎಫ್‌ಟಿ, ಅಂದರೆ ಘನ ಅಡಿ, 27 ಸಾವಿರ ರೂಪಾಯಿ. ಈ ಲೆಕ್ಕ ನಿಮಗೂ ಗೊತ್ತಿರಲಿ: ಇಂಚಿನಲ್ಲಿ ಅಗಲ ಮತ್ತು ದಪ್ಪ, ಅಡಿಯಲ್ಲಿ ಉದ್ದ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. 12 ಇಂಚು ಅಗಲ, 1 ಇಂಚು ದಪ್ಪ, 6 ಅಡಿ ಉದ್ದದ ಹಲಗೆ ಅರ್ಧ ಸಿಎಫ್‌ಟಿ. ಕೂಲಿ, ಪಾಲಿಶ್ ಎಲ್ಲ ಸೇರಿ ಮತ್ತೆ 34 ಸಾವಿರ.

ಹಳೇ ಮರದ ಲಾಭ, ಅದು ವರ್ಷಗಟ್ಟಲೆ ಒಣಗಿರುತ್ತದೆ. ಕಷ್ಟ ಅಂದರೆ ಮೊಳೆ. ಬಡಗಿ ಆಚಾರ್ರು ಒಂದೊಂದು ಚೌಕಟ್ಟಿನ ಮೇಲೂ ಅಂಗೈ ಸವರಿ, ಬಣ್ಣದ ಕೆಳಗೆ ಮುರಿದು ಕೂತ ಮೊಳೆ ಹುಡುಕುತ್ತಿದ್ದರು. ಹಾಗಿದ್ದೂ ಒಂದು ತಪ್ಪಿ, ಮಷೀನಿನ ಬ್ಲೇಡು ಹಲ್ಲು ಮುರಿದುಕೊಂಡಿತು. ಬ್ಲೇಡಿನ ದುಡ್ಡೂ ನನ್ನದೇ. ಆದರೆ ಮೇಲಿನ ಹಸಿರು ಬಣ್ಣ ಹೋಗಿ ಒಳಗಿನ ಕೆಚ್ಚು ಕಂಡಿತಲ್ಲ, ಹದವಾಗಿ ಕಾಸಿದ ತುಪ್ಪದ ಬಣ್ಣ, ಆ ಘಮ! ಅವತ್ತು ದುಡ್ಡಿನ ಲೆಕ್ಕ ಮರೆತೆ.

ಬಾಗಿಲಿಗೆ ಸುತ್ತ ಚೌಕಟ್ಟು, ನಡುವೆ ತೆಳು ಹಲಗೆ. ಆ ಹಲಗೆಯನ್ನು ಚೌಕಟ್ಟಿನಲ್ಲಿ ಕೊರೆದ ಸಂದಿನೊಳಗೆ ಸುಮ್ನೆ ಕೂರಿಸಬೇಕು, ಅಂಟು ಹಾಕಬಾರದು. ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗೋಕೆ ಜಾಗ ಬೇಕು. ಒಂದು ಹಲಗೆ ಬಾಗಿಲು ಹಾಕುವಾಗ ಗಡಗಡ ಅನ್ನುತ್ತಿತ್ತು, ನನಗೆ ಕಿರಿಕಿರಿ. ಅಂಟಿಸಿಬಿಡಿ ಅಂದೆ. "ಬೇಡ ಅಮ್ಮಾ, ಸೀಳುತ್ತೆ" ಅಂದರು ಆಚಾರ್ರು. ನಾನು ಕೇಳಲಿಲ್ಲ. ಮುಂದಿನ ಮಾರ್ಚಿನಲ್ಲಿ ಮೇಲಿಂದ ಒಂದು ಗೇಣು ಬಿರುಕು ಬಿಟ್ಟಿತು.

2022ರಲ್ಲಿ ಮನೆ ಬದಲಾಯಿಸಿದೆವು. ಪಾರ್ಟಿಕಲ್ ಬೋರ್ಡಿನದನ್ನು ಬಿಚ್ಚಿ ಮತ್ತೆ ಜೋಡಿಸಿದಾಗ ತೂತುಗಳು ಸಡಿಲಾಗಿ, ಬೀರು ಒಂದು ಪಕ್ಕಕ್ಕೆ ವಾಲಿತು. ಈಗ ಗೋಡೆಗೆ ಕಟ್ಟಿ ನಿಲ್ಲಿಸಿದ್ದೇವೆ, ಒಳಗೆ ಹಳೇ ಹಾಸಿಗೆ, ಹಬ್ಬದ ಸಾಮಾನು. ಪ್ಲೈವುಡ್ ಬೀರು ಬೋಲ್ಟ್ ಬಿಚ್ಚಿ ಎರಡು ಪೆಟ್ಟಿಗೆಯಾಗಿ ಹೋಯಿತು, ಅರ್ಧ ಗಂಟೆಯ ಕೆಲಸ. ತೇಗದ್ದನ್ನು ನಾಲ್ಕು ಜನ ಮೆಟ್ಟಿಲ ಮೇಲೆ ಹೊತ್ತರು. 1,500 ರೂಪಾಯಿ ಜಾಸ್ತಿ ಕೇಳಿದರು, ಕೊಡದೆ ವಿಧಿ ಇರಲಿಲ್ಲ.

ಎರಡು ಮೂರು ವರ್ಷದ ಬಾಡಿಗೆ ಮನೆಗೆ ಪಾರ್ಟಿಕಲ್ ಬೋರ್ಡ್ ಬೇಡ ಅನ್ನುವುದಿಲ್ಲ, ಕಾಲು ಇರುವುದನ್ನು ನೋಡಿ ತಗೊಳ್ಳಿ. ಸ್ವಂತ ಮನೆಯವರಿಗೆ ನಾನು ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಕೈ ತಾಗುವ ಕಡೆ ಮಾತ್ರ ತೇಗ ಹಾಕಿಸುತ್ತೇನೆ: ಬಾಗಿಲಿನ ಚೌಕಟ್ಟು, ಹಿಡಿ, ಡ್ರಾಯರಿನ ಮುಖ. ಎರಡು ಸಿಎಫ್‌ಟಿ ಮರದಲ್ಲಿ ಮುಗಿಯುತ್ತದೆ. ಪೂರ್ತಿ ತೇಗದ ಬೀರು 10 ಅಡಿಗೆ 11 ಅಡಿಯ ಕೋಣೆಯನ್ನು ಕತ್ತಲೆ ಮಾಡುತ್ತದೆ. ನನ್ನ ಕೋಣೆಯೇ ಸಾಕ್ಷಿ.

ಆಚಾರ್ರು ಈಗಲೂ ಆಗಾಗ ಬರುತ್ತಾರೆ. ಕಾಫಿ ಕುಡಿಯುತ್ತಾ ಬಾಗಿಲಿನ ಆ ಬಿರುಕನ್ನು ಒಂದು ಸಲ ನೋಡುತ್ತಾರೆ. ಏನೂ ಹೇಳುವುದಿಲ್ಲ.